ಮೊಳೆಗೆ ನೇತುಬಿದ್ದ ಬೀಗದ ಕೈ: ಕಣ್ಣನ್ನು ನಂಬಿಸುವ ಸ್ಟಿಲ್ ಲೈಫ್ ಚಿತ್ರ ಬಿಡಿಸುವುದು ಹೇಗೆ

ಹುರಿಯ ಒಂದೊಂದು ಎಳೆ ಬಿಡಿಸಿದ್ದಾಯಿತು, ತುಕ್ಕಿನ ಚುಕ್ಕೆಯನ್ನೂ ಬಿಟ್ಟಿಲ್ಲ, ಆದರೂ ಬೀಗದ ಕೈ ಹಲಗೆಗೆ ಅಂಟಿಕೊಂಡಂತೆಯೇ ಕಾಣುತ್ತದೆ, ಮುಂದಕ್ಕೆ ಬರುವುದೇ ಇಲ್ಲ. ಏನು ತಪ್ಪಿದೆ? ಟ್ರಾಂಪ್ ಲಾಯ್ ಚಿತ್ರಕ್ಕೆ, ಅಂದರೆ ನೋಡಿದವರು ನಿಜವಾದ ವಸ್ತುವೆಂದೇ ನಂಬುವ ಹಾಗೆ ಬಿಡಿಸುವ ಚಿತ್ರಕ್ಕೆ ಕೈಹಾಕಿದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು.

ಹತ್ತರಲ್ಲಿ ಒಂಬತ್ತು ಸಲ ಕೊರತೆ ಇರುವುದು ಸೂಕ್ಷ್ಮ ವಿವರಗಳಲ್ಲಲ್ಲ, ನೆರಳಿನಲ್ಲಿ. ವಸ್ತು ಹಲಗೆಯಿಂದ ಎಷ್ಟು ದೂರವಿದೆ ಎಂಬುದನ್ನು ಕಣ್ಣಿಗೆ ತಿಳಿಸುವುದು ವಸ್ತುವಲ್ಲ, ಅದರ ನೆರಳು. ನೆರಳು ಎಷ್ಟು ಸರಿದಿದೆ, ಅದರ ಅಂಚು ಎಷ್ಟು ಮೆತ್ತಗಿದೆ, ಎಷ್ಟು ಗಾಢವಾಗಿದೆ ಎಂಬ ಮೂರು ಸಂಗತಿ ಸರಿಯಾದರೆ ಒರಟಾಗಿ ಬಿಡಿಸಿದ ಬೀಗದ ಕೈ ಕೂಡ ಹಲಗೆ ಬಿಟ್ಟು ಎದ್ದು ನಿಲ್ಲುತ್ತದೆ. ಈ ಮೂರರಲ್ಲಿ ಒಂದು ತಪ್ಪಿದರೂ ಎಷ್ಟು ನಯಗಾರಿಕೆ ಮಾಡಿದರೂ ಫಲವಿಲ್ಲ. ಅದಕ್ಕಾಗಿ ಈ ಲೇಖನದಲ್ಲಿ ನೆರಳಿನ ಹಂತಕ್ಕೇ ಹೆಚ್ಚು ಜಾಗ ಕೊಟ್ಟಿದೆ.

ಇಲ್ಲಿ ಬಿಡಿಸುವ ಸ್ಟಿಲ್ ಲೈಫ್, ಅಂದರೆ ಅಲುಗದ ವಸ್ತುಗಳ ಚಿತ್ರ, ಸರಳವಾದದ್ದು. ಒಂದು ಹಳೆಯ ಮರದ ಹಲಗೆ, ಅದಕ್ಕೆ ಹೊಡೆದ ಮೊಳೆ, ಮೊಳೆಯಿಂದ ಹುರಿಯಲ್ಲಿ ತೂಗುವ ಬೀಗದ ಕೈ, ಪಕ್ಕದಲ್ಲಿ ಗುಂಡುಸೂಜಿ ಚುಚ್ಚಿ ನಿಲ್ಲಿಸಿದ ಮಡಿಕೆಯ ಕಾಗದ. ಇಷ್ಟರಲ್ಲಿಯೇ ಮರ, ಲೋಹ, ನಾರು, ಕಾಗದ ಎಂಬ ನಾಲ್ಕು ಮೇಲ್ಮೈಗಳು ಬರುತ್ತವೆ.

ಬೇಕಾಗುವ ಸಾಮಾನು

ಹಲಗೆ: 30×40 ಸೆಂ.ಮೀ. ಅಳತೆಯ, 6 ಮಿ.ಮೀ. ದಪ್ಪದ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಅಥವಾ ನಯವಾದ ಪ್ಲೈವುಡ್. ಕ್ಯಾನ್ವಾಸ್ ಬೇಡ. ಅದರ ನೇಯ್ಗೆ ಕೋಣೆಯ ನಿಜವಾದ ಬೆಳಕಿಗೆ ಸಣ್ಣ ಸಣ್ಣ ನೆರಳು ಕೊಡುತ್ತದೆ, ಇದು ಬಟ್ಟೆಯ ಮೇಲಿನ ಬಣ್ಣ ಎಂದು ಕಣ್ಣು ಮೊದಲ ನೋಟಕ್ಕೇ ತಿಳಿದುಬಿಡುತ್ತದೆ.

ತಳಪದರ: ಅಕ್ರಿಲಿಕ್ ಜೆಸ್ಸೊ, ಅಂದರೆ ಬಣ್ಣ ಕಚ್ಚಿ ಹಿಡಿಯಲೆಂದು ಮೊದಲು ಬಳಿಯುವ ಬಿಳಿ ಲೇಪ. ಜೊತೆಗೆ 220 ಮತ್ತು 400 ನಂಬರಿನ ಸ್ಯಾಂಡ್‌ಪೇಪರ್.

ತೈಲವರ್ಣ: ಟೈಟಾನಿಯಂ ವೈಟ್, ಯೆಲ್ಲೋ ಓಕರ್, ರಾ ಅಂಬರ್, ಬರ್ನ್ಟ್ ಅಂಬರ್, ಬರ್ನ್ಟ್ ಸಿಯೆನ್ನಾ, ಅಲ್ಟ್ರಾಮರೀನ್ ಬ್ಲೂ, ಐವರಿ ಬ್ಲ್ಯಾಕ್. ಏಳೇ ಸಾಕು. ಟ್ಯೂಬುಗಳು ಹೆಚ್ಚಿದಷ್ಟೂ ವಸ್ತುಗಳ ನಡುವಿನ ಬಣ್ಣದ ನಂಟು ಕಳಚುತ್ತದೆ.

ಬ್ರಷ್: ಸಿಂಥೆಟಿಕ್ ಕೂದಲಿನ ರೌಂಡ್ 1, 2, 4, ಅರ್ಧ ಇಂಚಿನ ಫ್ಲಾಟ್, ಉದ್ದ ತೆಳು ಕೂದಲಿನ ಲೈನರ್ ಒಂದು, ಅಂಚು ಮೆತ್ತಗೆ ಮಾಡಲು ಒಣಗಿದ, ಮೃದುವಾದ ಬ್ಲೆಂಡಿಂಗ್ ಬ್ರಷ್ ಒಂದು.

ದ್ರವಗಳು: ವಾಸನೆ ಕಡಿಮೆಯಿರುವ ಮಿನರಲ್ ಸ್ಪಿರಿಟ್, ಅಗಸೆ ಎಣ್ಣೆ, ಆಲ್ಕಿಡ್ ಮೀಡಿಯಂ. ಆಲ್ಕಿಡ್ ಎಂದರೆ ತೈಲವರ್ಣಕ್ಕೆ ಬೆರೆಸಿದಾಗ ಬೇಗ ಒಣಗಿಸುವ ರಾಳ. ಸಾಮಾನ್ಯ ತೆಳುಪದರ ಒಣಗಲು ಕೆಲವು ದಿನ ಬೇಕಾದರೆ, ಇದನ್ನು ಬೆರೆಸಿದ ಪದರ ಸುಮಾರು 24 ಗಂಟೆಯಲ್ಲಿ ಮುಟ್ಟುವ ಹಾಗಾಗುತ್ತದೆ.

ಉಳಿದದ್ದು: ಟ್ರೇಸಿಂಗ್ ಪೇಪರ್, ಡಿವೈಡರ್, ಮಾಲ್ ಸ್ಟಿಕ್ (ಹಸಿ ಬಣ್ಣಕ್ಕೆ ಕೈ ತಾಗದಂತೆ ಮಣಿಕಟ್ಟು ಊರಲು ಬಳಸುವ ಕೋಲು), ಮತ್ತು ಬೆಳಕಿನ ಬಣ್ಣ 5000 ಕೆಲ್ವಿನ್ ಆಸುಪಾಸಿನಲ್ಲಿರುವ, ಸಿಆರ್‌ಐ 90ಕ್ಕಿಂತ ಮೇಲಿರುವ ಎಲ್‌ಇಡಿ ಬಲ್ಬು. ಸಿಆರ್‌ಐ ಎಂದರೆ ಒಂದು ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬುದರ ಅಳತೆ, 100 ಗರಿಷ್ಠ.

ಅಕ್ರಿಲಿಕ್ ಬಣ್ಣದಲ್ಲೂ ಇದೇ ಕ್ರಮ ನಡೆಯುತ್ತದೆ. ಆದರೆ ಅಕ್ರಿಲಿಕ್ ಒಣಗಿದಾಗ ತುಸು ಗಾಢವಾಗುತ್ತದೆ, ಹಾಗಾಗಿ ಬೆರೆಸಿದ ಪ್ರತಿ ಬಣ್ಣವನ್ನೂ ಚೂರು ಕಾಗದದ ಮೇಲೆ ಒಣಗಿಸಿ ನೋಡಿಯೇ ಹಚ್ಚಬೇಕು. ನೆರಳಿನ ಅಂಚು ಮೆತ್ತಗೆ ಮಾಡಲು ಅದು ಕೊಡುವ ಸಮಯವೂ ಕಡಿಮೆ. ಮೊದಲ ಚಿತ್ರಕ್ಕೆ ತೈಲವರ್ಣವೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಚ್ಚರಿಕೆ: ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಆ ಶಾಖ ಹೊರಹೋಗಲಾರದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಹಾಕಿ.

1. ವಸ್ತುಗಳ ಆಯ್ಕೆ

ಮೊದಲ ನಿಯಮ ಆಳದ್ದು. ಹಲಗೆಯಿಂದ ಯಾವ ವಸ್ತುವೂ 3 ಸೆಂ.ಮೀ.ಗಿಂತ ಹೆಚ್ಚು ಮುಂದೆ ಚಾಚಿರಬಾರದು. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂ.ಮೀ. ಅಂತರವಿದೆ, ಎರಡೂ ಕಣ್ಣಿಗೆ ಕಾಣುವ ನೋಟದ ವ್ಯತ್ಯಾಸದಿಂದಲೇ ಮಿದುಳು ಆಳವನ್ನು ಅಳೆಯುತ್ತದೆ. ಚಪ್ಪಟೆ ಚಿತ್ರದಲ್ಲಿ ಈ ವ್ಯತ್ಯಾಸ ಇರುವುದಿಲ್ಲ. ನೀವು ತೋರಿಸುವ ಆಳ ಕಡಿಮೆಯಿದ್ದರೆ ನಿಜವಾದ ವಸ್ತುವಿನಲ್ಲೂ ಆ ವ್ಯತ್ಯಾಸ ತೀರ ಸಣ್ಣದು, ಎರಡು ಮೀಟರ್ ದೂರದಿಂದ ಅದರ ಗೈರುಹಾಜರಿ ಗಮನಕ್ಕೆ ಬರುವುದು ಕಷ್ಟ. ಹೂದಾನಿ, ಹಣ್ಣಿನ ಬುಟ್ಟಿ, ದೂರದ ಕಿಟಕಿ ಇಂಥವುಗಳಿಗೆ ಈ ಅನುಕೂಲವಿಲ್ಲ. ಹಳೆಯ ಚಿತ್ರಕಾರರು ಪತ್ರ ಸಿಕ್ಕಿಸುವ ಹಲಗೆ, ಬಾಗಿಲ ಹಿಂಬದಿ, ಗೋಡೆಗೆ ತೂಗಿದ ವಾದ್ಯ ಇವುಗಳನ್ನೇ ಮತ್ತೆ ಮತ್ತೆ ಆರಿಸಿಕೊಂಡರು. ಅಮೆರಿಕದ ವಿಲಿಯಂ ಹಾರ್ನೆಟ್ 1886ರಲ್ಲಿ ಬಿಡಿಸಿದ ‘ದಿ ಓಲ್ಡ್ ವಯೊಲಿನ್’ ಚಿತ್ರದಲ್ಲಿ ಬಾಗಿಲಿನ ಮೇಲೆ ವಯಲಿನ್, ಸಂಗೀತದ ಹಾಳೆ, ಪತ್ರಿಕೆಯ ತುಣುಕು, ಲಕೋಟೆ ಇವೆ. ಎಲ್ಲವೂ ಬಾಗಿಲಿಗೆ ಒರಗಿಕೊಂಡಂಥವು.

ಎರಡನೆಯದು, ಅಳತೆ. ವಸ್ತು ನಿಜದಲ್ಲಿ ಎಷ್ಟಿದೆಯೋ ಚಿತ್ರದಲ್ಲೂ ಅಷ್ಟೇ. ಬೀಗದ ಕೈ 7 ಸೆಂ.ಮೀ. ಇದ್ದರೆ 7 ಸೆಂ.ಮೀ. ಹತ್ತು ಶೇಕಡಾ ದೊಡ್ಡದಾದರೂ ಅದು ‘ಬೀಗದ ಕೈಯ ಚಿತ್ರ’ ಆಗಿಬಿಡುತ್ತದೆ.

ಮೂರನೆಯದು, ಚಿತ್ರದ ಅಂಚು ಯಾವ ವಸ್ತುವನ್ನೂ ಕತ್ತರಿಸಬಾರದು. ಅರ್ಧ ಕಾಗದ ಚೌಕಟ್ಟಿನಾಚೆ ಹೋದರೆ ಅಲ್ಲೊಂದು ಚೌಕಟ್ಟಿದೆ ಎಂದು ನೀವೇ ಹೇಳಿಕೊಟ್ಟಂತೆ. ಎಲ್ಲ ಬದಿಗೂ ಕನಿಷ್ಠ 3 ಸೆಂ.ಮೀ. ಬಿಡಿ.

ಜೀವಂತ ವಸ್ತುಗಳನ್ನೂ ಉರಿಯುವ ದೀಪವನ್ನೂ ಬಿಡಿ, ಅಲುಗಬೇಕಾದದ್ದು ಅಲುಗದಿದ್ದರೆ ಗುಟ್ಟು ಬಯಲಾಗುತ್ತದೆ. ನೋಟು ಬಿಡಿಸುವ ಆಸೆ ಅನೇಕರಿಗೆ ಇರುತ್ತದೆ. ಆದರೆ ಹಣದ ನಕಲಿನ ಬಗ್ಗೆ ಹಲವು ದೇಶಗಳಲ್ಲಿ ಬಿಗಿ ಕಾನೂನಿದೆ. ಹಾರ್ನೆಟ್‌ಗೆ 1886ರಲ್ಲಿ ಅಮೆರಿಕದ ಸೀಕ್ರೆಟ್ ಸರ್ವಿಸ್ (ಖೋಟಾ ನೋಟು ತಡೆಯುವ ಸರ್ಕಾರಿ ಸಂಸ್ಥೆ) ಎಚ್ಚರಿಕೆ ಕೊಟ್ಟ ಮೇಲೆ ಅವರು ನೋಟು ಬಿಡಿಸುವುದನ್ನೇ ನಿಲ್ಲಿಸಿದರು. ನಿಮ್ಮ ನೆಲದ ಕಾನೂನು ತಿಳಿಯದೆ ಅದಕ್ಕೆ ಕೈಹಾಕಬೇಡಿ.

2. ಜೋಡಣೆ ಮತ್ತು ಬೆಳಕು

ನಿಜವಾದ ಹಲಗೆಯೊಂದಕ್ಕೆ ಮೊಳೆ ಹೊಡೆದು, ಬೀಗದ ಕೈ ತೂಗಿಸಿ, ಕಾಗದ ಚುಚ್ಚಿ, ಅದನ್ನು ನೆಟ್ಟಗೆ ನಿಲ್ಲಿಸಿ. ಮೇಜಿನ ಮೇಲೆ ಮಲಗಿಸಿ ಬಿಡಿಸಬೇಡಿ. ಮಲಗಿದ ಹುರಿಗೆ ಭಾರದ ಎಳೆತ ಇರುವುದಿಲ್ಲ, ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸರಿಯಿಲ್ಲ ಎನಿಸುತ್ತದೆ. ಕಾಗದದ ಒಂದು ಮೂಲೆ ಹಲಗೆಯಿಂದ ಎದ್ದು ಸುರುಳಿಯಾಗಿರಲಿ. ಹುರಿಯ ಒಂದು ತುದಿ ಕಾಗದದ ಮೇಲೆ ಹಾದುಹೋಗಲಿ, ಇದರ ಉಪಯೋಗ ಎಂಟನೇ ಹಂತದಲ್ಲಿ ತಿಳಿಯುತ್ತದೆ.

ಬೆಳಕು ಒಂದೇ ಇರಲಿ. ಎಡ ಮೇಲಿನಿಂದ, ಸುಮಾರು ಒಂದೂವರೆ ಮೀಟರ್ ದೂರದಿಂದ, ಹಲಗೆಗೆ 45 ಡಿಗ್ರಿ ಕೋನದಲ್ಲಿ ಬೀಳಬೇಕು. ಕೋನ ಅಳೆಯಲು ಸುಲಭ ಉಪಾಯವಿದೆ: ಹಲಗೆಗೆ ಒಂದು ಸೂಜಿಯನ್ನು ನೇರವಾಗಿ, 2 ಸೆಂ.ಮೀ. ಹೊರಗೆ ಉಳಿಯುವಂತೆ ಚುಚ್ಚಿ. ಅದರ ನೆರಳಿನ ಉದ್ದವೂ 2 ಸೆಂ.ಮೀ. ಬಂದರೆ ಕೋನ ಸರಿಯಾಗಿದೆ. ಈ ಕೋನದ ದೊಡ್ಡ ಲಾಭವೆಂದರೆ, ವಸ್ತು ಹಲಗೆಯಿಂದ ಎಷ್ಟು ದೂರವಿದೆಯೋ ನೆರಳು ಅಷ್ಟೇ ದೂರ ಕೆಳಗೆ ಬಲಕ್ಕೆ ಸರಿದಿರುತ್ತದೆ. ಲೆಕ್ಕ ಹಾಕುವ ಕಷ್ಟವೇ ಇಲ್ಲ.

ದೀಪವನ್ನು ಅರ್ಧ ಮೀಟರಿಗೆ ತಂದರೆ ನೆರಳುಗಳು ಬೀಸಣಿಗೆಯಂತೆ ಬೇರೆಬೇರೆ ದಿಕ್ಕಿಗೆ ಹರಡುತ್ತವೆ. ಕೋಣೆಯ ಬೆಳಕಿನಲ್ಲಿ ಹಾಗಾಗುವುದಿಲ್ಲವಾದ್ದರಿಂದ ಚಿತ್ರ ಕೃತಕವಾಗುತ್ತದೆ. ಕಿಟಕಿಯ ಬೆಳಕನ್ನು ನೆಚ್ಚಿದರೆ ಗಂಟೆಗೊಂದು ನೆರಳು. ಇನ್ನೊಂದು ವಿಷಯವನ್ನು ಈಗಲೇ ತೀರ್ಮಾನಿಸಿ: ಮುಗಿದ ಚಿತ್ರ ಎಲ್ಲಿ ನೇತಾಡಲಿದೆ? ಅಲ್ಲಿ ಬೆಳಕು ಬಲದಿಂದ ಬರುವುದಾದರೆ ದೀಪವನ್ನು ಈಗಲೇ ಬಲಕ್ಕಿಡಿ. ಆಮೇಲೆ ತಿದ್ದಲಾಗದ ತಪ್ಪು ಇದೊಂದೇ.

3. ಹಲಗೆ ಸಿದ್ಧಪಡಿಸುವುದು

ಜೆಸ್ಸೊವನ್ನು ಹಾಲಿನ ಕೆನೆಯಷ್ಟು ತೆಳುವಾಗಿಸಿ ನಾಲ್ಕು ಪದರ ಬಳಿಯಿರಿ. ಒಂದು ಪದರ ಅಡ್ಡ, ಮುಂದಿನದು ಉದ್ದ. ಪ್ರತಿ ಪದರ ಒಣಗಿದ ಮೇಲೆ 220ರಲ್ಲಿ, ಕೊನೆಯದನ್ನು 400ರಲ್ಲಿ ಉಜ್ಜಿ. ಬೆರಳಾಡಿಸಿದರೆ ಎಲ್ಲಿಯೂ ಬ್ರಷ್ಷಿನ ಗೆರೆ ತಾಗಬಾರದು. ಉಜ್ಜುವಾಗ ಮಾಸ್ಕ್ ಧರಿಸಿ, ಎಂಡಿಎಫ್ ಧೂಳು ಶ್ವಾಸಕೋಶಕ್ಕೆ ಹಾನಿ. ಹಿಂಬದಿಗೂ ಅಂಚುಗಳಿಗೂ ಎರಡು ಪದರ ಬಳಿಯದಿದ್ದರೆ ತೇವ ಒಂದೇ ಕಡೆಯಿಂದ ಹೀರಿ ಹಲಗೆ ಬಾಗುತ್ತದೆ.

4. ರೇಖಾಚಿತ್ರ

ನಿಮ್ಮ ಹಲಗೆಯನ್ನು ಜೋಡಣೆಯ ಪಕ್ಕದಲ್ಲೇ, ಅದೇ ಎತ್ತರದಲ್ಲಿ, ಅದೇ ನೇರಕ್ಕೆ ನಿಲ್ಲಿಸಿ. ಎರಡು ಮೀಟರ್ ಹಿಂದೆ ನಿಂತು ಎರಡನ್ನೂ ಒಟ್ಟಿಗೆ ನೋಡುವುದು, ಮುಂದೆ ಬಂದು ಗೆರೆ ಹಾಕುವುದು, ಮತ್ತೆ ಹಿಂದೆ ಹೋಗುವುದು: ಇದಕ್ಕೆ ಸೈಟ್ ಸೈಜ್ ವಿಧಾನ ಎನ್ನುತ್ತಾರೆ. ಚಿತ್ರ ನಿಜದ ಅಳತೆಯಲ್ಲೇ ಇರುವುದರಿಂದ ಹೋಲಿಕೆ ನೇರವಾಗಿರುತ್ತದೆ.

ಅಳತೆಗಳನ್ನು ಡಿವೈಡರಿನಲ್ಲಿ ತೆಗೆಯಿರಿ. ಬೀಗದ ಕೈಯನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆಯುವ ಅಭ್ಯಾಸ ಬಿಡಿ. ಸೀಸದ ದಪ್ಪದಿಂದಾಗಿ ಸುತ್ತಲೂ ಸುಮಾರು ಒಂದು ಮಿಲಿಮೀಟರ್ ಹೆಚ್ಚುತ್ತದೆ, ಬೀಗದ ಕೈಯ ಹಲ್ಲುಗಳ ನಡುವಿನ ಸಂದಿ ಮುಚ್ಚಿಯೇಹೋಗುತ್ತದೆ. ಫೋಟೊ ನೋಡಿ ಬಿಡಿಸುವುದೇ ಅನಿವಾರ್ಯವಾದರೆ ಕನಿಷ್ಠ 2 ಮೀಟರ್ ದೂರದಿಂದ ಜೂಮ್ ಮಾಡಿ ತೆಗೆಯಿರಿ. ಹತ್ತಿರದಿಂದ ತೆಗೆದ ಮೊಬೈಲ್ ಫೋಟೊದಲ್ಲಿ ಮುಂದೆ ಚಾಚಿದ ಭಾಗ ಉಬ್ಬಿ ಕಾಣುತ್ತದೆ, ಗಾಢ ನೆರಳಿನೊಳಗಿನ ವಿವರವೆಲ್ಲ ಕಪ್ಪಾಗಿ ಕಳೆದುಹೋಗುತ್ತದೆ.

ನೆರಳಿನ ಹೊರಗೆರೆಯನ್ನೂ ವಸ್ತುವಿನ ಜೊತೆಜೊತೆಗೇ ಗುರುತಿಸಿ, ಆಮೇಲೆ ಊಹಿಸಿ ಹಾಕುವುದಲ್ಲ. ಟ್ರೇಸಿಂಗ್ ಪೇಪರಿನ ಹಿಂಬದಿಗೆ ಪೆನ್ಸಿಲ್ ಉಜ್ಜಿ ಹಲಗೆಗೆ ಇಳಿಸಿ. ಕಾರ್ಬನ್ ಪೇಪರ್ ಬೇಡ, ಅದರ ಗೆರೆ ಕಾಲಕ್ರಮೇಣ ತಿಳಿಬಣ್ಣದ ಮೇಲೆ ಎದ್ದು ಬರಬಹುದು.

5. ಟೋನ್ ಪಟ್ಟಿ

ಟೋನ್ ಎಂದರೆ ಬಣ್ಣ ಯಾವುದೆಂಬುದನ್ನು ಬಿಟ್ಟು, ಅದು ಎಷ್ಟು ತಿಳಿ, ಎಷ್ಟು ಗಾಢ ಎಂಬುದು. ಕಪ್ಪು 0, ಬಿಳಿ 10 ಎಂದುಕೊಂಡು ನಡುವಿನ ಮೆಟ್ಟಿಲುಗಳನ್ನು ಕಪ್ಪುಬಿಳಿ ಬಣ್ಣ ಬೆರೆಸಿ ಕಾರ್ಡಿನ ಮೇಲೆ ಮಾಡಿಕೊಳ್ಳಿ. ಅರ್ಧ ಗಂಟೆಯ ಕೆಲಸ, ಮುಂದಿನ ಎಲ್ಲ ಚಿತ್ರಕ್ಕೂ ಬರುತ್ತದೆ.

ಬೆಳಕಿನಲ್ಲಿರುವ ಮರ 5ರ ಆಸುಪಾಸಿನಲ್ಲಿರಲಿ. ಬಿಳಿ ಬಣ್ಣಕ್ಕಿಂತ ಬಿಳಿಯಾದದ್ದು ನಮ್ಮ ಬಳಿ ಇಲ್ಲ. ಹಲಗೆಯೇ 8 ಆದರೆ ಕಾಗದ ಅದಕ್ಕಿಂತ ಬೆಳ್ಳಗೆ ಕಾಣಲು, ಲೋಹದ ಹೊಳಪು ಕಾಗದಕ್ಕಿಂತ ಮಿಂಚಲು ಜಾಗ ಉಳಿಯುವುದಿಲ್ಲ. ಕಾಗದವನ್ನು 8.5ಕ್ಕೆ ನಿಲ್ಲಿಸಿ. ಅಪ್ಪಟ ಬಿಳಿ ಲೋಹದ ಒಂದೆರಡು ಚುಕ್ಕೆಗೆ ಮಾತ್ರ ಮೀಸಲು.

ಈಗ ಬಹುತೇಕರು ಎಡವುವ ಜಾಗಕ್ಕೆ ಬಂದೆವು. ನೆರಳು ಬಿದ್ದಲ್ಲಿ ಮರದ ಟೋನ್ 5ರಿಂದ 2.5ಕ್ಕೆ ಇಳಿದರೆ, ಅದೇ ನೆರಳು ಬಿಳಿ ಕಾಗದದ ಮೇಲೆ ಬಿದ್ದಾಗ 8.5ರಿಂದ ಸುಮಾರು 4.7ಕ್ಕೆ ಇಳಿಯುತ್ತದೆ. ಅಂದರೆ ನೆರಳಿನಲ್ಲಿರುವ ಬಿಳಿ ಕಾಗದವೂ ಬೆಳಕಿನಲ್ಲಿರುವ ಕಂದು ಮರವೂ ಹೆಚ್ಚುಕಡಿಮೆ ಒಂದೇ ಟೋನ್! ‘ಕಾಗದ ಬಿಳಿ ತಾನೆ’ ಎಂಬ ನಂಬಿಕೆ ಕೈಯನ್ನು ತಡೆಯುತ್ತದೆ, ಅಲ್ಲಿನ ನೆರಳು 7ರಲ್ಲೇ ನಿಂತುಬಿಡುತ್ತದೆ, ಬೆಳಕು ಸತ್ತುಹೋಗುತ್ತದೆ. ಬೂದು ಕಾರ್ಡಿನಲ್ಲಿ 5 ಮಿ.ಮೀ. ತೂತು ಮಾಡಿ, ಅದರ ಮೂಲಕ ಕಾಗದದ ನೆರಳನ್ನೊಮ್ಮೆ, ಮರವನ್ನೊಮ್ಮೆ ನೋಡಿ. ಸುತ್ತಲಿನ ಪ್ರಭಾವ ಮರೆಯಾಗಿ ನಿಜವಾದ ಟೋನ್ ಕಾಣುತ್ತದೆ.

6. ಮರ

ಇಡೀ ಹಲಗೆಗೆ ಮೊದಲು ಮರದ ಬಣ್ಣ. ರಾ ಅಂಬರ್ 2 ಪಾಲು, ಯೆಲ್ಲೋ ಓಕರ್ 1 ಪಾಲು, ಬಿಳಿ 3 ಪಾಲಿನಿಂದ ಶುರುಮಾಡಿ, ಟೋನ್ ಪಟ್ಟಿಗೆ ಹಿಡಿದು 5ಕ್ಕೆ ತನ್ನಿ. ಚೂರು ಮಿನರಲ್ ಸ್ಪಿರಿಟ್ ಸೇರಿಸಿ ತೆಳುವಾಗಿ, ಕಾಗದ ಮತ್ತು ಬೀಗದ ಕೈಯ ಜಾಗ ಬಿಟ್ಟು ಹಚ್ಚಿ. ಅದು ಒಣಗಿದ ಮೇಲೆ ಬರ್ನ್ಟ್ ಅಂಬರ್ ತೆಳುವಾಗಿಸಿ ಮರದ ಎಳೆಗಳನ್ನು ಲೈನರಿನಲ್ಲಿ ಎಳೆಯಿರಿ. ಹಸಿಯಿರುವಾಗಲೇ ಒಣ ಫ್ಲಾಟ್ ಬ್ರಷ್ಷನ್ನು ಎಳೆಯ ದಿಕ್ಕಿನಲ್ಲೇ ಒಮ್ಮೆ ಸವರಿ. ಎಳೆಗಳ ನಡುವಿನ ಅಂತರ ಒಂದೇ ಸಮ ಆಗಬಾರದು. ಮರದ ಗಂಟು ಒಂದೇ ಸಾಕು, ಎರಡಾದರೆ ನೋಟ ಅಲ್ಲಿಗೇ ಹೋಗುತ್ತದೆ.

ಬಿರುಕಿನ ವಿಷಯದಲ್ಲಿ ಎಚ್ಚರ. ಎಡದಿಂದ ಬೆಳಕು ಬರುವಾಗ ಬಿರುಕಿನ ಎಡ ಅಂಚು ಒಳಕ್ಕೆ ನೆರಳು ಹಾಕುತ್ತದೆ, ಬಲ ಅಂಚು ಬೆಳಕು ಹಿಡಿಯುತ್ತದೆ. ಆದ್ದರಿಂದ ಎಡಕ್ಕೆ ಗಾಢ ಗೆರೆ, ಅದಕ್ಕೆ ತಾಗಿಕೊಂಡು ಬಲಕ್ಕೆ ಕೂದಲೆಳೆಯಷ್ಟು ತಿಳಿ ಗೆರೆ. ಅದಲುಬದಲಾದರೆ ಬಿರುಕು ಹೋಗಿ ಹಲಗೆಯ ಮೇಲೆ ಅಂಟಿಸಿದ ದಾರವಾಗುತ್ತದೆ.

ನೆರಳು ಬೀಳುವ ಜಾಗದಲ್ಲೂ ಮರವನ್ನು ಬೆಳಕಿನಲ್ಲಿರುವಂತೆಯೇ ಪೂರ್ತಿ ಬಿಡಿಸಿ. ನೆರಳು ಅದರ ಮೇಲೆ ಪಾರದರ್ಶಕವಾಗಿ ಬರಲಿದೆ.

7. ಕಾಗದ

ಬಿಳಿಗೆ ಯೆಲ್ಲೋ ಓಕರ್ ಮತ್ತು ರಾ ಅಂಬರ್ ಚಿಟಿಕೆಯಷ್ಟು ಸೇರಿಸಿ. ಮಡಿಕೆಯ ಎರಡು ಬದಿಗೆ ಎರಡು ಟೋನ್: ಬೆಳಕಿಗೆ ಮುಖ ಮಾಡಿದ್ದು 8.5, ಇನ್ನೊಂದು 7.5. ಮಡಿಕೆಯ ಏಣಿನ ಮೇಲೆ ಒಂದು ತಿಳಿ ಗೆರೆ, ಆದರೆ ಉದ್ದಕ್ಕೂ ಅಲ್ಲ, ಅಲ್ಲಲ್ಲಿ ಕಡಿಯಲಿ. ಕಾಗದಕ್ಕೆ ದಪ್ಪವಿದೆ ಎಂದು ತೋರಿಸುವುದು ಅದರ ಅಂಚು. ಮೇಲಿನ ಮತ್ತು ಎಡ ಅಂಚಿಗೆ ತಿಳಿ ಗೆರೆ, ಕೆಳಗಿನ ಮತ್ತು ಬಲ ಅಂಚಿಗೆ ಗಾಢ ಗೆರೆ, ಲೈನರಿನ ತುದಿ ತಾಗಿಯೂ ತಾಗದಷ್ಟು ತೆಳ್ಳಗೆ.

ಕಾಗದದ ಮೇಲೆ ಅಕ್ಷರ ಬೇಕಿದ್ದರೆ ಕಪ್ಪಿನ ಬದಲು ಬರ್ನ್ಟ್ ಅಂಬರ್ ಮತ್ತು ಅಲ್ಟ್ರಾಮರೀನ್ ಬೆರೆಸಿ. ಸಾಲು ಮಡಿಕೆಯನ್ನು ದಾಟುವಲ್ಲಿ ಕೋನ ಬದಲಾಗಬೇಕು, ಸುರುಳಿಯಾದ ಮೂಲೆಯಲ್ಲಿ ಅಕ್ಷರಗಳೂ ಬಾಗಬೇಕು. ಸಾಲುಗಳು ನೆಟ್ಟಗೇ ಹೋದರೆ ಕಷ್ಟಪಟ್ಟು ಬಿಡಿಸಿದ ಮಡಿಕೆ ಬರೀ ಬಣ್ಣದ ಪಟ್ಟಿಯಾಗಿ ಉಳಿಯುತ್ತದೆ.

8. ನೆರಳು

ಎಲ್ಲವೂ ಚೆನ್ನಾಗಿ ಒಣಗಿರಬೇಕು. ಇಲ್ಲದಿದ್ದರೆ ಮೇಲಿನ ಪದರ ಕೆಳಗಿನದನ್ನು ಕಿತ್ತುಕೊಂಡು ಬರುತ್ತದೆ. ಬೆರಳಿಗೆ ಅಂಟದಿರುವುದು ಸಾಲದು, ಬಟ್ಟೆಯಲ್ಲಿ ಮೆಲ್ಲಗೆ ಉಜ್ಜಿದರೂ ಬಣ್ಣ ಬಿಡಬಾರದು.

ಇಲ್ಲಿ ಬಳಸುವುದು ಗ್ಲೇಜ್, ಅಂದರೆ ಕೆಳಗಿನದು ಕಾಣುವಷ್ಟು ತೆಳುವಾದ ಪಾರದರ್ಶಕ ಬಣ್ಣದ ಪದರ. ಬರ್ನ್ಟ್ ಅಂಬರ್ 2 ಪಾಲು, ಅಲ್ಟ್ರಾಮರೀನ್ 1 ಪಾಲು, ಆಲ್ಕಿಡ್ ಮೀಡಿಯಂ 3 ಪಾಲು. ಬಿಳಿಯನ್ನು ಎಳ್ಳಷ್ಟೂ ಸೇರಿಸಬೇಡಿ, ಸೇರಿಸಿದರೆ ನೆರಳು ಹಲಗೆಯ ಮೇಲೆ ಬಿದ್ದಿರುವ ಬೂದಿಯ ಹಾಗೆ ಕಾಣುತ್ತದೆ. ಬರಿಯ ಕಪ್ಪೂ ಬೇಡ. ನೆರಳಿನೊಳಗೆ ಮರದ ಎಳೆಗಳು ಕಾಣುತ್ತಿರಬೇಕು, ಕಪ್ಪು ಅವನ್ನು ನುಂಗಿಹಾಕುತ್ತದೆ. ಒಂದೇ ಸಲಕ್ಕೆ 2.5ರ ಟೋನ್ ಸಾಧಿಸಲು ಹೋಗದೆ ಎರಡು ಪದರದಲ್ಲಿ ಇಳಿಸಿ, ನಡುವೆ ಒಂದು ದಿನ ಒಣಗಲು ಬಿಡಿ.

ಸರಿಯುವಿಕೆ: ಮೊಳೆಯ ತಲೆ ಹಲಗೆಯಿಂದ 2 ಸೆಂ.ಮೀ. ಹೊರಗಿದ್ದರೆ ಅದರ ನೆರಳು 2 ಸೆಂ.ಮೀ. ಕೆಳಗೆ ಬಲಕ್ಕೆ. ಎದುರಿನಿಂದ ನೋಡುವಾಗ ಮೊಳೆಯ ತಲೆ ಮಾತ್ರ ಕಾಣುತ್ತದೆ, ಅದರ ಉದ್ದ ಕಾಣುವುದೇ ಇಲ್ಲ. ಆ ಉದ್ದವನ್ನು ಹೇಳುವುದು ನೆರಳೊಂದೇ. ಮೊಳೆ ಮರಕ್ಕೆ ಹೊಕ್ಕ ಬಿಂದುವಿನಿಂದಲೇ ನೆರಳು ಹೊರಡಬೇಕು. ಆ ಬಿಂದು ತಲೆಯ ಹಿಂದೆ ಅಡಗಿರುವುದರಿಂದ ಅನೇಕರು ತಲೆಯ ಅಂಚಿನಿಂದ ನೆರಳು ಶುರುಮಾಡಿ ಉದ್ದ ತಪ್ಪಿಸುತ್ತಾರೆ. ತೂಗುವ ಬೀಗದ ಕೈಯ ಮೇಲ್ತುದಿ ಹಲಗೆಯಿಂದ ಒಂದೂವರೆ ಸೆಂ.ಮೀ., ಕೆಳತುದಿ 3 ಮಿ.ಮೀ. ದೂರವಿದ್ದರೆ ನೆರಳು ಮೇಲೆ ಅಗಲವಾಗಿ ಬೇರ್ಪಟ್ಟು ಕೆಳಗೆ ವಸ್ತುವಿನ ಹತ್ತಿರ ಸೇರುತ್ತದೆ. ಬೀಗದ ಕೈ ಹಿಂದಕ್ಕೆ ಒರಗಿದೆ ಎಂಬುದನ್ನು ತೋರಿಸಲು ಇಷ್ಟೇ ಸಾಕು.

ದಿಕ್ಕು: ಎಲ್ಲ ನೆರಳೂ ಒಂದೇ ದಿಕ್ಕಿಗೆ. ಒಂದು ಸ್ಕೇಲನ್ನು ವಸ್ತುವಿನ ಮೂಲೆಗೂ ಅದರ ನೆರಳಿನ ಮೂಲೆಗೂ ಹಿಡಿದು, ಅದೇ ಓರೆಯಲ್ಲಿ ಬೇರೆ ವಸ್ತುವಿಗೆ ಸರಿಸಿ ನೋಡಿ. ಹೆಚ್ಚು ತಪ್ಪುವುದು ಗುಂಡುಸೂಜಿಯಂಥ ಸಣ್ಣವು.

ಅಂಚು: ದೀಪ ಒಂದು ಬಿಂದುವಲ್ಲ, ಅದಕ್ಕೂ ಅಗಲವಿದೆ. ಹಾಗಾಗಿ ವಸ್ತು ಹಲಗೆಯಿಂದ ದೂರವಾದಷ್ಟೂ ನೆರಳಿನ ಅಂಚು ಮಸುಕಾಗುತ್ತದೆ. 10 ಸೆಂ.ಮೀ. ಅಗಲದ ದೀಪ ಒಂದೂವರೆ ಮೀಟರ್ ದೂರವಿದ್ದರೆ, 3 ಮಿ.ಮೀ. ಎದ್ದ ವಸ್ತುವಿನ ನೆರಳು ಕತ್ತರಿಸಿದಷ್ಟು ಸ್ಪಷ್ಟ, ಒಂದೂವರೆ ಸೆಂ.ಮೀ. ಎದ್ದರೆ ಅಂಚು ಒಂದರಿಂದ ಎರಡು ಮಿ.ಮೀ. ಮಸುಕು, 3 ಸೆಂ.ಮೀ. ಎದ್ದರೆ ಎರಡರಿಂದ ನಾಲ್ಕು ಮಿ.ಮೀ. ದೊಡ್ಡ ಕಿಟಕಿಯ ಬೆಳಕಿನಲ್ಲಿ ಇದು ಇನ್ನೂ ಹೆಚ್ಚು. ಗ್ಲೇಜ್ ಹಸಿಯಿರುವಾಗ ಒಣ ಬ್ಲೆಂಡಿಂಗ್ ಬ್ರಷ್ಷಿನಿಂದ ಅಂಚನ್ನು ಹೊರಮುಖವಾಗಿ ಸವರಿ, ಪ್ರತಿ ಸಲ ಬ್ರಷ್ ಒರೆಸಿಕೊಳ್ಳಿ. ಎಲ್ಲ ಅಂಚನ್ನೂ ಒಂದೇ ಸಮ ಮೆತ್ತಗೆ ಮಾಡುವುದು ಬಹು ಸಾಮಾನ್ಯ ತಪ್ಪು. ಆಗ ಎಲ್ಲವೂ ಒಂದೇ ಎತ್ತರದಲ್ಲಿ ತೇಲುತ್ತವೆ.

ಇವೆಲ್ಲ ಒಟ್ಟಿಗೆ ಪರೀಕ್ಷೆಗೆ ಬೀಳುವುದು ಸುರುಳಿಯಾದ ಕಾಗದದ ಮೂಲೆಯಲ್ಲಿ. ಕಾಗದ ಹಲಗೆಗೆ ತಾಗಿರುವಲ್ಲಿ ನೆರಳು ಕೂದಲೆಳೆಯಷ್ಟು ಸಣ್ಣ, ಚೂಪು, ಅತ್ಯಂತ ಗಾಢ. ಮೂಲೆ ಮೇಲೇಳುತ್ತ ಹೋದಂತೆ ನೆರಳು ಅಗಲವಾಗುತ್ತದೆ, ಮೆತ್ತಗಾಗುತ್ತದೆ, ಸುತ್ತಲಿನ ಬೆಳಕು ಒಳನುಸುಳಿ ತುಸು ತಿಳಿಯಾಗುತ್ತದೆ. ಮೂರು ಬದಲಾವಣೆಯೂ ಒಟ್ಟೊಟ್ಟಿಗೆ ಸಾಗಬೇಕು. ಸಮಯವಿದ್ದರೆ ಈ ಮೂಲೆಯೊಂದನ್ನೇ ಬೇರೆ ಚೂರು ಹಲಗೆಯ ಮೇಲೆ ಮೊದಲು ಅಭ್ಯಾಸ ಮಾಡಿ.

ಹುರಿ ಕಾಗದದ ಮೇಲೆ ಹಾದುಹೋಗಲಿ ಎಂದು ಹೇಳಿದ್ದಕ್ಕೆ ಕಾರಣ ಇಲ್ಲಿದೆ. ಹುರಿಯ ನೆರಳು ಮರದ ಮೇಲಿಂದ ಕಾಗದದ ಮೇಲೆ ಏರುವಾಗ ನೇರವಾಗಿ ಮುಂದುವರಿಯುವುದಿಲ್ಲ. ಕಾಗದ ಹುರಿಗೆ ಹೆಚ್ಚು ಹತ್ತಿರವಿರುವುದರಿಂದ ಅಲ್ಲಿ ನೆರಳು ಕಡಿಮೆ ಸರಿಯುತ್ತದೆ. ಕಾಗದದ ಅಂಚಿನಲ್ಲಿ ನೆರಳು ಕಡಿದು, ಮೆಟ್ಟಿಲಿನಂತೆ ಹುರಿಯ ಕಡೆಗೆ ಜರುಗುತ್ತದೆ. ಈ ಸಣ್ಣ ಮುರಿತ ಕಾಗದ ಹಲಗೆಯಿಂದ ಎಷ್ಟು ಎದ್ದಿದೆ ಎಂಬುದನ್ನು ಯಾವ ವಿವರಕ್ಕಿಂತಲೂ ಖಚಿತವಾಗಿ ಹೇಳುತ್ತದೆ. ಚಿತ್ರದಲ್ಲಿ ಒಂದಾದರೂ ಇಂಥ ದಾಟುವಿಕೆ ಇರಲೇಬೇಕು ಎನ್ನುತ್ತೇನೆ.

ಕೊನೆಯದಾಗಿ ತಾಗುವ ಗೆರೆ. ವಸ್ತು ಹಲಗೆಗೆ ಮುಟ್ಟುವ ಸಂದಿಗೆ ಯಾವ ಕಡೆಯ ಬೆಳಕೂ ಹೋಗುವುದಿಲ್ಲ. ಅಲ್ಲಿ ಗ್ಲೇಜಿನ ಬದಲು ಬರ್ನ್ಟ್ ಅಂಬರ್ ಮತ್ತು ಅಲ್ಟ್ರಾಮರೀನ್ ಗಟ್ಟಿಯಾಗಿ ಬೆರೆಸಿ, ಟೋನ್ 1ರ ತೆಳ್ಳನೆಯ ಗೆರೆ ಹಾಕಿ.

9. ಹುರಿ

ನಡುಟೋನಿನ ಕಂದು ಪಟ್ಟಿ ಎಳೆದು, ಅದರ ಮೇಲೆ ಓರೆಯಾಗಿ, ತುಸು ಎಸ್ ಆಕಾರದಲ್ಲಿ ಹೊಸೆತದ ಗೆರೆಗಳು. ಪ್ರತಿ ಹೊಸೆತಕ್ಕೂ ಎಡ ಮೇಲೆ ತಿಳಿ, ಬಲ ಕೆಳಗೆ ಗಾಢ. ಹುರಿ ಬಾಗಿದಲ್ಲಿ ಹೊಸೆತದ ಓರೆಯೂ ಜೊತೆಗೆ ತಿರುಗಬೇಕು. ಬಿಡಿ ನಾರುಗಳು ಮೂರೋ ನಾಲ್ಕೋ ಸಾಕು, ಅವಕ್ಕೂ ನೆರಳು ಬೇಕು.

10. ಲೋಹ ಮತ್ತು ಹೊಳಪು

ಲೋಹವನ್ನು ಬೂದು ಬಣ್ಣದಿಂದ ಮೆಲ್ಲಗೆ ತಿಳಿಗೊಳಿಸುತ್ತ ಹೋದರೆ ಅದು ಪ್ಲಾಸ್ಟಿಕ್ ಆಗುತ್ತದೆ. ಲೋಹದಲ್ಲಿ ಗಾಢವೂ ತಿಳಿಯೂ ಪಕ್ಕಪಕ್ಕದಲ್ಲಿ, ನಡುವೆ ಮೆಟ್ಟಿಲಿಲ್ಲದೆ ಇರುತ್ತವೆ. ಕಬ್ಬಿಣದ ಬೀಗದ ಕೈಗೆ ಬರ್ನ್ಟ್ ಅಂಬರ್ ಮತ್ತು ಅಲ್ಟ್ರಾಮರೀನ್ ಬೆರೆಸಿದ ಟೋನ್ 2 ತಳಹದಿ. ಹಲಗೆಯ ಕಡೆಗಿರುವ ಬಲ ಕೆಳ ಅಂಚಿನಲ್ಲಿ ಮರದ ಕಂದು ಮಂದವಾಗಿ ಪ್ರತಿಫಲಿಸಲಿ. ಈ ಪ್ರತಿಫಲನದ ಗೆರೆ ಇಲ್ಲದಿದ್ದರೆ ಬೀಗದ ಕೈ ತನ್ನ ನೆರಳಿನಲ್ಲೇ ಕರಗಿಹೋಗುತ್ತದೆ. ತುಕ್ಕಿಗೆ ಬರ್ನ್ಟ್ ಸಿಯೆನ್ನಾವನ್ನು ಒಣ ಬ್ರಷ್ಷಿನಲ್ಲಿ ಕುಟ್ಟಿ. ತುಕ್ಕು ಹೊಳೆಯುವುದಿಲ್ಲ ಎಂಬುದು ನೆನಪಿರಲಿ.

ಹೊಳಪಿನ ಚುಕ್ಕೆಗಳು ಎಲ್ಲಕ್ಕಿಂತ ಕೊನೆಗೆ. ಹಿತ್ತಾಳೆಯ ಹೊಳಪಿಗೆ ಹಿತ್ತಾಳೆಯದೇ ಹಳದಿ ಇರುತ್ತದೆ. ಕಬ್ಬಿಣದ, ಗಾಜಿನ ಹೊಳಪು ದೀಪದ ಬಣ್ಣದ್ದು. ಬೀಗದ ಕೈಯ ಉಂಗುರದ ಮೇಲೊಂದು, ಕಾಂಡದ ಮೇಲೊಂದು ಗೆರೆ, ಸೂಜಿಯ ತಲೆಗೆ ಒಂದು ಚುಕ್ಕೆ. ಬಿಳಿಯನ್ನು ಗುಡ್ಡೆಯಾಗಿ ಇಡಬೇಡಿ. ಎದ್ದ ಬಣ್ಣ ಕೋಣೆಯ ಬೆಳಕಿಗೆ ತನ್ನದೇ ನೆರಳು ಹಾಕಿ ಗುಟ್ಟು ಬಿಟ್ಟುಕೊಡುತ್ತದೆ.

11. ವಾರ್ನಿಶ್ ಮತ್ತು ತೂಗುಹಾಕುವುದು

ಒಣಗಿದ ಮೇಲೆ ಅಂಬರ್ ಇರುವ ಗಾಢ ಭಾಗಗಳು ಅಲ್ಲಲ್ಲಿ ಮಂಕಾಗಬಹುದು, ಎಣ್ಣೆ ಕೆಳಕ್ಕೆ ಹೀರಿಹೋದುದರ ಫಲ. ಅಗಸೆ ಎಣ್ಣೆಯನ್ನು ಅತಿ ತೆಳುವಾಗಿ ಸವರಿ, ಹೆಚ್ಚಾದುದನ್ನು ಕೂಡಲೇ ಒರೆಸಿ. ಸಾಂಪ್ರದಾಯಿಕ ವಾರ್ನಿಶ್‌ಗೆ ಸುಮಾರು ಆರು ತಿಂಗಳು ಕಾಯಬೇಕು. ಹೊಳಪಿಲ್ಲದ ಮ್ಯಾಟ್ ಅಥವಾ ಮಂದ ಹೊಳಪಿನ ಸ್ಯಾಟಿನ್ ವಾರ್ನಿಶ್ಶನ್ನೇ ಆರಿಸಿ. ಹೊಳೆಯುವ ಗ್ಲಾಸಿ ವಾರ್ನಿಶ್‌ನಲ್ಲಿ ಕಾಗದವೂ ಮರವೂ ಒಂದೇ ಸಮ ಮಿಂಚಿ, ಕಿಟಕಿಯ ಬಿಂಬವೂ ಮೂಡಿ, ಮಾಡಿದ ಕೆಲಸವೆಲ್ಲ ಗಾಜಿನ ಹಿಂದೆ ಹೋದಂತಾಗುತ್ತದೆ.

ಚೌಕಟ್ಟು ಹಾಕಬೇಡಿ. ಹಲಗೆಯ ನಾಲ್ಕು ಪಕ್ಕಗಳಿಗೂ ಮರದ ಬಣ್ಣ ಬಳಿದು, ಚಿತ್ರವೇ ಒಂದು ಮರದ ತುಂಡು ಎನ್ನುವಂತೆ ತೂಗಿಸಿ. ಫ್ಲೆಮಿಶ್ ಚಿತ್ರಕಾರ ಕಾರ್ನೆಲಿಯಸ್ ಗೈಸ್‌ಬ್ರೆಖ್ಟ್ಸ್ 1670ರ ಹೊತ್ತಿಗೆ ಚಿತ್ರವೊಂದರ ಹಿಂಬದಿಯನ್ನೇ, ಮರದ ಕಟ್ಟು, ಮೊಳೆ, ಅಂಟಿಸಿದ ನಂಬರಿನ ಚೀಟಿ ಸಮೇತ ಬಿಡಿಸಿದ್ದಾರೆ. ಕೋಪನ್‌ಹೇಗನ್‌ನ ರಾಷ್ಟ್ರೀಯ ಕಲಾಸಂಗ್ರಹಾಲಯದಲ್ಲಿರುವ ಆ ಚಿತ್ರಕ್ಕೆ ಚೌಕಟ್ಟು ಹಾಕಿದ್ದರೆ ಅದರ ಅರ್ಥವೇ ಉಳಿಯುತ್ತಿರಲಿಲ್ಲ. ಚಿತ್ರದ ನಡುಭಾಗ ನೆಲದಿಂದ ಸುಮಾರು 150 ಸೆಂ.ಮೀ. ಎತ್ತರದಲ್ಲಿರಲಿ, ಬೆಳಕು ನೀವು ಬಿಡಿಸಿದ ಕಡೆಯಿಂದಲೇ ಬೀಳಲಿ, ನೋಡುವವರು ಮೊದಲು ಎರಡು ಮೀಟರ್ ದೂರದಿಂದ ಕಾಣುವಂಥ ಜಾಗವಾಗಿರಲಿ.

ಆದರೂ ಚಪ್ಪಟೆಯಾಗಿ ಕಂಡರೆ

ಮೊಬೈಲಿನಲ್ಲಿ ಕಪ್ಪುಬಿಳಿ ಫೋಟೊ ತೆಗೆದು ಜೋಡಣೆಯ ಕಪ್ಪುಬಿಳಿ ಫೋಟೊದ ಪಕ್ಕ ಇಟ್ಟು ನೋಡಿ. ನೆರಳುಗಳು ತಿಳಿಯಾಗಿ ಕಂಡರೆ ಇನ್ನೊಂದು ಗ್ಲೇಜ್ ಬೇಕು. ಟೋನ್ ಸರಿಯಿದ್ದೂ ವಸ್ತು ಅಂಟಿಕೊಂಡಂತಿದ್ದರೆ ನೆರಳು ವಸ್ತುವಿನ ಅಂಚಿಗೆ ತೀರ ಹತ್ತಿರವಿದೆ, ಅಂತರವನ್ನು ಸ್ಕೇಲಿನಲ್ಲಿ ಅಳೆಯಿರಿ. ವಸ್ತು ಗಾಳಿಯಲ್ಲಿ ತೇಲುತ್ತಿದ್ದರೆ ತಾಗುವ ಗೆರೆ ಬಿಟ್ಟುಹೋಗಿದೆ. ಕತ್ತರಿಸಿ ಅಂಟಿಸಿದಂತಿದ್ದರೆ ವಸ್ತುವಿನ ಬಲ ಅಂಚು ಅತಿ ಚೂಪಾಗಿದೆ, ಅದನ್ನು ಒಂದೆರಡು ಕಡೆ ನೆರಳಿಗೆ ಬೆರೆಸಿ. ಒಂದು ಕಣ್ಣು ಮುಚ್ಚಿ ನೋಡಿದಾಗ ನಿಜವೆನಿಸಿ, ಎರಡೂ ಕಣ್ಣು ತೆರೆದಾಗ ಚಪ್ಪಟೆಯಾದರೆ ನೆರಳಿನಲ್ಲಿ ತಪ್ಪಿಲ್ಲ. ಆರಿಸಿದ ವಸ್ತುಗಳ ಆಳ ಹೆಚ್ಚಾಗಿದೆ. ಮುಂದಿನ ಚಿತ್ರಕ್ಕೆ ಎರಡು ಸೆಂ.ಮೀ.ಗಿಂತ ಕಡಿಮೆ ಚಾಚುವ ವಸ್ತುಗಳನ್ನು ಆರಿಸಿಕೊಳ್ಳಿ.